ಪ್ರಬಂಧ ನಿಲ್ಲುವುದು ಪೀಠಿಕೆಯಲ್ಲಿ

ಮಾನ್ಯ ಸಂಪಾದಕರೇ,

ರಾಯಚೂರು, ಕೊಪ್ಪಳ ಭಾಗದ ಪದವಿ ಕಾಲೇಜುಗಳಲ್ಲಿ ಅಸೈನ್‌ಮೆಂಟ್ ಒಪ್ಪಿಸುವ ದಿನ ಹತ್ತಿರವಾದಂತೆ ವಿದ್ಯಾರ್ಥಿಗಳ ಬಾಯಲ್ಲಿ ಒಂದೇ ಮಾತು: ‘ಸರ್, ಆಗಿಂದ ಕುಂತೀನ್ರಿ, ಒಂದು ಸಾಲೂ ಬರವಲ್ದು.’ ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ನವೆಂಬರಿನ ರಾಜ್ಯೋತ್ಸವದ ಪ್ರಬಂಧ ಸ್ಪರ್ಧೆಗಳ ಹೊತ್ತಿಗೂ ಇದನ್ನೇ ಕೇಳುತ್ತೇವೆ. ಓದಲಿಲ್ಲ, ಅದಕ್ಕೇ ಬರುತ್ತಿಲ್ಲ ಎಂದು ಬೈದು ಕಳಿಸುವುದು ಸುಲಭ. ಆದರೆ ಆ ಮಕ್ಕಳ ಹಾಳೆಗಳನ್ನು ಒಮ್ಮೆ ನೋಡಿದರೆ ಬೇರೆಯದೇ ಕಾಣುತ್ತದೆ. ಮೇಲೆ ‘ಪೀಠಿಕೆ’ ಎಂದು ಬರೆದು ಅಡಿಗೆರೆ ಎಳೆದಿರುತ್ತದೆ. ಕೆಳಗೆ ಎರಡು ಸಾಲು ಬರೆದು ಹೊಡೆದುಹಾಕಿರುತ್ತದೆ. ಇನ್ನೊಂದು ಹಾಳೆ, ಮತ್ತೆ ‘ಪೀಠಿಕೆ’, ಮತ್ತೆ ಗೀಟು. ವಿಷಯದ ತನಕ ಅವರು ಹೋಗಿಯೇ ಇರುವುದಿಲ್ಲ.

ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಕ್ರಮವನ್ನು ಹೈಸ್ಕೂಲಿನಿಂದಲೇ ಕಲಿಸುತ್ತೇವೆ. ಓದುವವನಿಗೆ ಆ ಕ್ರಮ ಸರಿ. ಬರೆಯುವವನೂ ಅದೇ ಕ್ರಮದಲ್ಲಿ ಬರೆಯಬೇಕು ಎಂದು ವಿದ್ಯಾರ್ಥಿಗಳು ತಿಳಿದುಕೊಂಡಿದ್ದಾರೆ, ನಾವು ತಿದ್ದಿಲ್ಲ. ಪೀಠಿಕೆಯಲ್ಲಿ ಒಂದು ಸುಭಾಷಿತ ಇರಬೇಕು, ಮೊದಲ ಸಾಲು ಮನ ಸೆಳೆಯಬೇಕು, ಚಿತ್ತಿಲ್ಲದೆ ಬರೆಯಬೇಕು ಎಂಬ ಕಟ್ಟಳೆಗಳು ಇದರ ಮೇಲೆ. ಇನ್ನೂ ಬರೆಯದ ಪ್ರಬಂಧಕ್ಕೆ ಪೀಠಿಕೆ ಹಾಕುವುದು ಪಳಗಿದ ಲೇಖಕರಿಗೂ ಕಷ್ಟ. 1980ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೈಕ್ ರೋಸ್ ಎಂಬುವರು 10 ವಿದ್ಯಾರ್ಥಿಗಳನ್ನು ಮಾತಾಡಿಸಿ ಒಂದು ಅಧ್ಯಯನ ಪ್ರಕಟಿಸಿದರು. ಅವರಲ್ಲಿ ಐದು ಮಂದಿ ಬರೆಯಲು ಕೂತು ಸಿಕ್ಕಿಬೀಳುವವರು, ಐದು ಮಂದಿ ಸರಾಗ ಬರೆಯುವವರು. ಬುದ್ಧಿಯಲ್ಲಿ ಎರಡೂ ಗುಂಪು ಕಡಿಮೆಯಿರಲಿಲ್ಲ. ಸಿಕ್ಕಿಬೀಳುವವರ ತಲೆಯಲ್ಲಿ ಬಗ್ಗದ ನಿಯಮಗಳಿದ್ದವು. ಒಬ್ಬ ವಿದ್ಯಾರ್ಥಿನಿ ಮೊದಲ ಪ್ಯಾರಾ ಪೂರ್ತಿ ಸರಿಯಾಗುವ ತನಕ ಮುಂದಕ್ಕೆ ಹೋಗದೆ ತಾಸುಗಟ್ಟಲೆ ಅದರಲ್ಲೇ ಉಳಿಯುತ್ತಿದ್ದಳು. ನಮ್ಮ ಮಕ್ಕಳ ಹಾಳೆಗಳಲ್ಲಿ ಕಾಣುವುದೂ ಅದೇ.

ಪ್ರಬಂಧ ನಾಳೆಯೋ ನಾಳಿದ್ದೋ ಕೊಡಬೇಕಾಗಿರುವ ವಿದ್ಯಾರ್ಥಿಗಳಿಗೆ ಉಪಯೋಗವಾಗಲೆಂದು ಕೆಲವು ಸಂಗತಿಗಳನ್ನು ಬಿಡಿಸಿ ಬರೆಯುತ್ತಿದ್ದೇವೆ.

ಮೊದಲು ನಿಂತದ್ದು ಎಲ್ಲಿ ಎಂದು ಗೊತ್ತಾಗಬೇಕು. ಅದಕ್ಕೆ ಒಂದು ಪರೀಕ್ಷೆ ಇದೆ. ಹಾಳೆ ಮುಚ್ಚಿಟ್ಟು, ಗೆಳೆಯನಿಗೋ ಅವ್ವನಿಗೋ ವಿಷಯವನ್ನು ಎರಡು ನಿಮಿಷ ಬಾಯಿಮಾತಿನಲ್ಲಿ ಹೇಳಿ ನೋಡಬೇಕು. ಹೇಳಲು ಬಂದರೆ ಸಾಮಗ್ರಿ ಇದೆ, ಅಂಜಿಕೆ ಬರೆಯುವುದರದ್ದು. ಅರ್ಧ ನಿಮಿಷಕ್ಕೆ ಮಾತು ಮುಗಿದರೆ ಸಾಮಗ್ರಿಯೇ ಇಲ್ಲ. ಅಂಥವರು ಇಡೀ ರಾತ್ರಿ ಪೆನ್ನು ಹಿಡಿದು ಕೂತರೂ ಬರುವುದಿಲ್ಲ, ಒಂದು ತಾಸು ಗ್ರಂಥಾಲಯಕ್ಕೆ ಹೋಗಿ ಓದಬೇಕು. ಮಾತು ಶುರುವಾಗಿ ಎಲ್ಲೆಲ್ಲಿಗೋ ಹರಿದರೆ ಪ್ರಶ್ನೆಯೇ ಅರ್ಥವಾಗಿಲ್ಲ ಎಂದು ತಿಳಿಯಬೇಕು. ಈ ಮೂರಕ್ಕೂ ಔಷಧ ಬೇರೆ ಬೇರೆ. ಎಲ್ಲರಿಗೂ ‘ಧೈರ್ಯವಾಗಿ ಬರಿ’ ಎಂದು ಒಂದೇ ಮಾತು ಹೇಳಿದರೆ ಯಾರಿಗೂ ಉಪಯೋಗವಿಲ್ಲ.

ಪ್ರಶ್ನೆ ಅರ್ಥವಾಗದಿರುವುದಕ್ಕೆ ಹೆಚ್ಚಿನ ಸಲ ವಿಷಯ ಕೊಟ್ಟವರೇ ಕಾರಣ. ‘ನೀರಾವರಿ ಮತ್ತು ರೈತ’, ‘ಪರಿಸರ ಮತ್ತು ನಾವು’ ಎಂದು ಕೊಟ್ಟರೆ ವಿದ್ಯಾರ್ಥಿ ಎಲ್ಲಿ ಕಾಲಿಡಬೇಕು? ಇಂಥ ವಿಷಯ ಬಂದಾಗ ಮೊದಲ ಹತ್ತು ನಿಮಿಷದಲ್ಲಿ ಅದನ್ನು ಪ್ರಶ್ನಾರ್ಥಕ ಚಿಹ್ನೆ ಇರುವ ಒಂದು ವಾಕ್ಯವಾಗಿ ಬರೆದುಕೊಳ್ಳಬೇಕು. ‘ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ಹೊಲಗಳಿಗೆ ನೀರು ಏಕೆ ತಲುಪುವುದಿಲ್ಲ?’ ಇದು ಬರೆಯಲು ಬರುವ ವಿಷಯ. ಮಾನ್ವಿ, ಸಿರವಾರ ಕಡೆಯ ಮಕ್ಕಳು ಇದರ ಬಗ್ಗೆ ಮನೆಯಲ್ಲೇ ಸಾಕಷ್ಟು ಕೇಳಿರುತ್ತಾರೆ. ಪ್ರಶ್ನೆಯ ಕೊನೆಯ ಕ್ರಿಯಾಪದವನ್ನೂ ಗಮನಿಸಬೇಕು. ‘ವಿವರಿಸಿ’ ಎಂದರೆ ಇದ್ದದ್ದನ್ನು ಬಿಡಿಸಿ ಹೇಳಬೇಕು, ‘ಚರ್ಚಿಸಿ’ ಎಂದರೆ ಎರಡು ಕಡೆಯ ಮಾತನ್ನೂ ತರಬೇಕು, ‘ವಿಮರ್ಶಿಸಿ’ ಎಂದರೆ ತನ್ನ ತೀರ್ಮಾನವನ್ನು ಕಾರಣಸಮೇತ ಕೊಡಬೇಕು. ಚರ್ಚಿಸಬೇಕಾದಲ್ಲಿ ವಿವರಿಸಲು ಹೊರಟವರು ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಹೇಳಲು ಏನೂ ಇಲ್ಲದೆ ನಿಲ್ಲುತ್ತಾರೆ.

ಪ್ರಶ್ನೆ ಸಿದ್ಧವಾದ ಮೇಲೆ ಗಡಿಯಾರ ಇಟ್ಟುಕೊಂಡು ಹತ್ತು ನಿಮಿಷ ಪೆನ್ನು ಎತ್ತದೆ ಬರೆಯಬೇಕು. ಗೀಟು ಹಾಕಬಾರದು, ಹಿಂದಿನ ಸಾಲು ಓದಬಾರದು, ಏನೂ ಹೊಳೆಯದಿದ್ದರೆ ‘ಹೊಳೆಯುತ್ತಿಲ್ಲ’ ಎಂದೇ ಮತ್ತೆ ಮತ್ತೆ ಬರೆಯುತ್ತಿರಬೇಕು. ಹೊಸ ಮಾತು ಹುಟ್ಟಿಸುವುದು, ಹುಟ್ಟಿದ ಮಾತನ್ನು ತಿದ್ದುವುದು ಎರಡು ಬೇರೆ ಕೆಲಸ. ಎರಡನ್ನೂ ಒಟ್ಟಿಗೆ ಮಾಡಹೋದಾಗ ತಿದ್ದುವ ಕೆಲಸವೇ ಗೆಲ್ಲುತ್ತದೆ, ಹಾಳೆ ಖಾಲಿ ಉಳಿಯುತ್ತದೆ. ಈ ಹತ್ತು ನಿಮಿಷದ ಹಾಳೆಯನ್ನು ಯಾರಿಗೂ ತೋರಿಸಬೇಕಿಲ್ಲ.

ನಮ್ಮ ಭಾಗದ ಮಟ್ಟಿಗೆ ಬಹಳ ಮುಖ್ಯವಾದದ್ದು ಇಲ್ಲಿದೆ. ಈ ಮೊದಲ ಬರಹ ಮನೆಯ ಮಾತಿನಲ್ಲಿ ಇರಲಿ. ಮನೆಯಲ್ಲಿ ರಾಯಚೂರು ಸೀಮೆಯ ಕನ್ನಡವೋ, ತೆಲುಗೋ, ಉರ್ದುವೋ, ಲಂಬಾಣಿಯೋ ಆಡುವ ಮಕ್ಕಳು ಪೆನ್ನು ಹಿಡಿದ ಕೂಡಲೇ ಪಠ್ಯಪುಸ್ತಕದ ಕನ್ನಡಕ್ಕೆ ಹಾರಬೇಕೆಂದರೆ ಪ್ರತಿ ಪದಕ್ಕೂ ತಡವರಿಸುತ್ತಾರೆ. ವಿಷಯ ಗೊತ್ತು, ಭಾಷೆಯ ಅಂಜಿಕೆಯಿಂದ ಅದು ಒಳಗೇ ಉಳಿಯುತ್ತದೆ. ಆದ್ದರಿಂದ ಮೊದಲು ಹೀಗೆ ಬರೆಯಲಿ: ‘ಕಾಲುವಿಗಿ ನೀರು ಬಿಟ್ರೂ ನಮ್ಮ ಕಡಿ ಮುಟ್ಟಂಗಿಲ್ಲ. ಮ್ಯಾಲಿನವ್ರು ಭತ್ತ ಹಚ್ಯಾರ, ಪಂಪ್‌ಸೆಟ್ ಇಟ್ಟು ಎಳಕೊಂತಾರ. ಕಡೀಗಿದ್ದೋರು ಏನ್ ಮಾಡ್ಬೇಕು?’ ಆಮೇಲೆ ಅದೇ ಮೂರು ಸಾಲನ್ನು ತಿದ್ದಿದರೆ ಆಯಿತು: ‘ಕಾಲುವೆಗೆ ನೀರು ಬಿಟ್ಟರೂ ಕೊನೆಯ ಭಾಗಕ್ಕೆ ತಲುಪುವುದಿಲ್ಲ. ಮೇಲ್ಭಾಗದಲ್ಲಿ ಭತ್ತದ ನಾಟಿ ಹೆಚ್ಚಿದೆ, ಕಾಲುವೆಗೆ ಪಂಪ್‌ಸೆಟ್ ಇಟ್ಟು ನೀರೆತ್ತುವವರೂ ಇದ್ದಾರೆ. ಕೊನೆಯ ಭಾಗದ ರೈತರ ಪಾಲಿನ ನೀರಿಗೆ ಹೊಣೆ ಯಾರು?’ ಪ್ರಬಂಧದ ನಡುವಿನ ಒಂದು ಪ್ಯಾರಾ ಅರ್ಧಕ್ಕರ್ಧ ಸಿದ್ಧವಾಯಿತು. ತೆಲುಗಿನಲ್ಲೋ ಉರ್ದುವಿನಲ್ಲೋ ಯೋಚಿಸುವವರು ಆ ಮಾತುಗಳನ್ನೇ ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡರೂ ಅಡ್ಡಿಯಿಲ್ಲ. ಆಡುಮಾತಿನಲ್ಲಿ ಕರಡು ಬರೆದರೆ ಭಾಷೆ ಕೆಡುತ್ತದೆ ಎಂಬ ವಾದವನ್ನು ನಾವು ಒಪ್ಪುವುದಿಲ್ಲ. ಭಾಷೆ ಕೆಡುವುದು ಬರೆಯದೆ ಕೂತಾಗ.

ಪೆನ್ನು ಹಿಡಿದರೆ ಕೈ ನಡುಗುವವರು ಮೊಬೈಲಿನಲ್ಲಿ ಮಾತಾಡಿ ಧ್ವನಿ ಮುದ್ರಿಸಿಕೊಂಡು, ಕೇಳುತ್ತ ಬರೆದುಕೊಳ್ಳಬಹುದು. ಮಾತನ್ನು ನೇರವಾಗಿ ಅಕ್ಷರ ಮಾಡುವ ಕೀಬೋರ್ಡುಗಳೂ ಇವೆ. ಅವು ಹಲವು ಸಲ ಪೂರ್ಣವಿರಾಮ ಬಿಟ್ಟುಬಿಡುತ್ತವೆ, ಮಹಾಪ್ರಾಣ ತಪ್ಪಿಸುತ್ತವೆ, ಆಡುಮಾತಿನ ಕ್ರಿಯಾಪದಗಳನ್ನು ಏನೇನೋ ಮಾಡಿಬಿಡುತ್ತವೆ. ಹಾಗಾಗಿ ಅದನ್ನು ಕರಡಿಗೆ ಮಾತ್ರ ಬಳಸಬೇಕು.

ಮುಂದಿನದು ಚೀಟಿಗಳ ಕೆಲಸ. ಮೂರು ಹಾಳೆಗಳನ್ನು ನಾಲ್ಕು ನಾಲ್ಕು ಭಾಗ ಮಾಡಿ ಹರಿದು, ಒಂದು ಚೀಟಿಗೆ ಒಂದೇ ಸಂಗತಿಯಂತೆ 10–12 ಚೀಟಿ ಬರೆಯಬೇಕು. ಮೇಲಿನ ಪ್ರಶ್ನೆಗೇ ನೋಡಿ. ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ಮೊದಲು ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದ ಜಲಾಶಯ, ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. ಎಡದಂಡೆ ಕಾಲುವೆಯನ್ನು ರೂಪಿಸಿದ್ದು ಹೆಚ್ಚಿನ ಪ್ರದೇಶಕ್ಕೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳ ಲೆಕ್ಕದಲ್ಲಿ. ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಅಕ್ರಮ ಪಂಪ್‌ಸೆಟ್‌ಗಳು ಬಂದವು. ಕೊಪ್ಪಳ ಜಿಲ್ಲೆಯ ನವಲಿಯಲ್ಲಿ, ಹೆಚ್ಚುವರಿ ನೀರು ಹಿಡಿದಿಡುವ ಸಮತೋಲನ ಜಲಾಶಯದ ಪ್ರಸ್ತಾವವಿದೆ. 2024ರ ಆಗಸ್ಟ್ 10ರ ರಾತ್ರಿ 33 ಕ್ರಸ್ಟ್‌ಗೇಟುಗಳ ಪೈಕಿ 19ನೆಯದು ಕೊಚ್ಚಿಹೋಯಿತು. ಈಗ ಚೀಟಿಗಳನ್ನು ನೆಲದ ಮೇಲೆ ಹರಡಿ ಗುಂಪು ಮಾಡಬೇಕು: ಜಲಾಶಯದ ಕಾರಣಗಳು, ಬೆಳೆಯ ಕಾರಣಗಳು, ಕಾಲುವೆಯ ಮೇಲಿನ ಕಾರಣಗಳು, ಪರಿಹಾರಗಳು. ಒಂದೊಂದು ಗುಂಪು ಒಂದೊಂದು ಪ್ಯಾರಾ. ಒಂದೇ ಚೀಟಿ ಇರುವ ಗುಂಪಿಗೆ ಇನ್ನೂ ಓದಬೇಕು. ನವಲಿ ಒಂಟಿಯಾಗಿ ಬಿದ್ದರೆ ಹಳೆಯ ಪತ್ರಿಕೆ ತಿರುವಿಹಾಕಬೇಕು. ಗೇಟಿನ ಚೀಟಿಯನ್ನು ತೆಗೆದಿಡಬೇಕು. ಸುದ್ದಿಯಾಗಿ ಅದು ದೊಡ್ಡದು, ಆದರೆ ಕಾಲುವೆ ಕೊನೆಯ ರೈತರ ತೊಂದರೆ ಅದಕ್ಕಿಂತ ಬಹಳ ಹಿಂದಿನದು. ಆಕರ್ಷಕವಾದ, ಪ್ರಶ್ನೆಗೆ ಸಂಬಂಧವಿಲ್ಲದ ಸಂಗತಿಯನ್ನು ತುರುಕಿದಾಗಲೇ ಮುಂದಿನ ಪ್ಯಾರಾ ಹೇಗೆ ಶುರು ಮಾಡಬೇಕೆಂದು ತಿಳಿಯದಾಗುವುದು.

ಕರಡನ್ನು ಹಾಳೆಯ ಒಂದೇ ಬದಿಗೆ, ಸಾಲು ಬಿಟ್ಟು ಸಾಲು ಬರೆಯಬೇಕು. ಮೇಲೆ ಅರ್ಧ ಪುಟ ಖಾಲಿ ಬಿಡಬೇಕು, ಅದು ಪೀಠಿಕೆಗೆ. ಚೆನ್ನಾಗಿ ಗೊತ್ತಿರುವ ಗುಂಪಿನಿಂದಲೇ ಶುರು ಮಾಡಬೇಕು, ಅದು ಮೂರನೆಯದಾದರೂ ಸರಿ. ಒಂದು ಪದ ಸಿಗದಿದ್ದರೆ ಸೊನ್ನೆ ಸುತ್ತಿ ಮುಂದೆ ಹೋಗಬೇಕು. 25 ನಿಮಿಷ ಬರೆದು 5 ನಿಮಿಷ ಎದ್ದು ಓಡಾಡುವುದು ಹೆಚ್ಚಿನವರಿಗೆ ಒಗ್ಗುತ್ತದೆ, ಮೊಬೈಲು ಮಾತ್ರ ಬೇರೆ ಕೋಣೆಯಲ್ಲಿರಬೇಕು. ಏಳುವಾಗ ವಾಕ್ಯವನ್ನು ನಡುವಿನಲ್ಲೇ ಬಿಟ್ಟು ಏಳಬೇಕು. ಮುಗಿದ ಪ್ಯಾರಾದ ಮುಂದೆ ಬಂದು ಕೂರುವುದಕ್ಕಿಂತ ಅರ್ಧ ವಾಕ್ಯದ ಮುಂದೆ ಕೂತರೆ ಕೈ ತಾನೇ ನಡೆಯುತ್ತದೆ. ಬೇಸಿಗೆಯ ಮಧ್ಯಾಹ್ನ ಈ ಕೆಲಸಕ್ಕಲ್ಲ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಬೆಳಗಿನ 5ರಿಂದ 8 ಗಂಟೆಯೇ ಸರಿಯಾದ ಹೊತ್ತು.

ಪೀಠಿಕೆ ಈಗ. ಕರಡು ಓದಿ, ತಾನು ಕೊನೆಗೆ ಏನು ಹೇಳಿದೆ ಎಂದು ಒಂದು ವಾಕ್ಯದಲ್ಲಿ ಬರೆಯಬೇಕು. ಅದರ ಹಿಂದೆ ಎರಡು ವಾಕ್ಯ: ಯಾವ ಊರಿನ, ಯಾವ ಕಾಲದ ಮಾತು, ಪ್ರಶ್ನೆ ಏನು. ಮೂರು ನಾಲ್ಕು ವಾಕ್ಯಕ್ಕೆ ಪೀಠಿಕೆ ಮುಗಿಯುತ್ತದೆ, ಹದಿನೈದು ನಿಮಿಷವೂ ಬೇಡ. ಸುಭಾಷಿತ ತಾನಾಗಿ ನೆನಪಾದರೆ ಇರಲಿ, ಹುಡುಕಿಕೊಂಡು ಹೋಗುವುದು ಬೇಡ.

ಸಮಯದ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಪುಟಕ್ಕೆ 22–24 ಸಾಲು, ಸಾಲಿಗೆ 7–8 ಪದವೆಂದರೆ 600 ಪದಕ್ಕೆ ಮೂರೂವರೆ ಪುಟ. ಅಂದವಾಗಿ ನಕಲು ಮಾಡಲು ಪುಟಕ್ಕೆ ಕಾಲು ತಾಸು ಹಿಡಿದರೆ ಸುಮಾರು 50 ನಿಮಿಷ ಅದಕ್ಕೇ ಬೇಕು. ಕೈಯಲ್ಲಿ ಮೂರು ತಾಸು ಮಾತ್ರ ಇದ್ದರೆ ಪ್ರಶ್ನೆಗೆ ಮತ್ತು ಪೆನ್ನು ಎತ್ತದೆ ಬರೆಯುವುದಕ್ಕೆ 20 ನಿಮಿಷ, ಚೀಟಿಗೆ 20, ಕರಡಿಗೆ 65, ಬಿಡುವಿಗೆ 10, ಪೀಠಿಕೆ ಮತ್ತು ತಿದ್ದುಪಡಿಗೆ 15, ನಕಲಿಗೆ 50. ನಕಲಿನ ಸಮಯವನ್ನು ಮರೆತವರೇ ಕೊನೆಗೆ ಕರಡನ್ನೇ ಒಪ್ಪಿಸುತ್ತಾರೆ. ಒತ್ತಕ್ಷರ, ಲ-ಳ, ನ-ಣ, ಅಕಾರ-ಹಕಾರಗಳನ್ನು ನೋಡುವುದು ನಕಲಿಗೆ ಮುಂಚಿನ ಆ ಹದಿನೈದು ನಿಮಿಷದಲ್ಲಿ, ಗಟ್ಟಿಯಾಗಿ ಓದುತ್ತ. ಅದಕ್ಕೂ ಮೊದಲು ಬೇಡವೇ ಬೇಡ.

ಟೈಪು ಮಾಡಿ ಕೊಡುವವರು ಯೂನಿಕೋಡಿನಲ್ಲೇ ಮಾಡಿಸಬೇಕು. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿದ ಕಡತ, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆಯುತ್ತದೆ. ಒಪ್ಪಿಸುವ ಬೆಳಿಗ್ಗೆ ಇದು ಗೊತ್ತಾದರೆ ಮಾಡಲು ಏನೂ ಉಳಿದಿರುವುದಿಲ್ಲ. ಪಿಡಿಎಫ್ ಪ್ರತಿಯೊಂದು ಜೊತೆಗಿರಲಿ.

ಅಂತರ್ಜಾಲದಿಂದ ಎತ್ತಿ ಹಾಕುವವರ ಕಷ್ಟವೂ ಇದೇ ದಾರಿಯದು. ಎತ್ತಿದ ಪ್ಯಾರಾದ ಆಚೆ ಏನು ಬರಬೇಕೆಂದು ಅದನ್ನು ಬರೆದವನಿಗೆ ಗೊತ್ತು, ಎತ್ತಿದವನಿಗೆ ಗೊತ್ತಿಲ್ಲ. ಆದ್ದರಿಂದ ಮತ್ತೊಂದು ಪ್ಯಾರಾ ಎತ್ತಬೇಕಾಗುತ್ತದೆ.

ವಿದ್ಯಾರ್ಥಿಗಳಿಗೆ ಇಷ್ಟು ಹೇಳಿದ ಮೇಲೆ ನಮ್ಮಂಥ ಅಧ್ಯಾಪಕರಿಗೂ ಸ್ಪರ್ಧೆ ನಡೆಸುವ ಸಂಘ, ಇಲಾಖೆಗಳಿಗೂ ಮೂರು ವಿನಂತಿ. ವಿಷಯವನ್ನು ಪ್ರಶ್ನೆಯಾಗಿ ಕೊಡಿ, ಅದರಲ್ಲಿ ಊರಿನ ಹೆಸರೋ ಕಾಲವೋ ಇರಲಿ, ಎಷ್ಟು ಪದ ಎಂದು ತಿಳಿಸಿ. ಕೊನೆಯ ದಿನ ಒಂದೇ ಇಡುವ ಬದಲು, ಅದಕ್ಕೆ ಒಂದು ವಾರ ಮೊದಲು ಪ್ರಶ್ನೆಯನ್ನೂ ಚೀಟಿಗಳ ಗುಂಪನ್ನೂ ತರಿಸಿ ನೋಡಿ. ಒಬ್ಬೊಬ್ಬರಿಗೆ ಎರಡು ನಿಮಿಷ ಸಾಕು, ಸಿಕ್ಕಿಬಿದ್ದವರು ಆಗಲೇ ಕಾಣುತ್ತಾರೆ. ಆಂತರಿಕ ಅಂಕಗಳಲ್ಲಿ ಒಂದು ಪಾಲನ್ನು ಕರಡಿಗೆ ಮೀಸಲಿಡಿ, ಅದರಲ್ಲಿ ಗೀಟು, ಆಡುಮಾತು ಇದ್ದರೆ ಅಂಕ ಕಳೆಯಬೇಡಿ.

ತಮ್ಮ ಪತ್ರಿಕೆಗೂ ಒಂದು ಕೋರಿಕೆ. ವಿದ್ಯಾರ್ಥಿಗಳ ಪುಟದಲ್ಲಿ ಬಹುಮಾನ ಬಂದ ಪ್ರಬಂಧಗಳು ಅಚ್ಚಾಗುತ್ತವೆ. ಅವುಗಳ ಜೊತೆಗೆ ಬರೆದವರ ಒಪ್ಪಿಗೆ ಪಡೆದು ಅದೇ ಪ್ರಬಂಧದ ಮೊದಲ ಕರಡಿನ ಒಂದು ಪುಟವನ್ನೂ, ಗೀಟು, ಸೊನ್ನೆ, ಬಾಣದ ಗುರುತುಗಳ ಸಮೇತ, ಚಿತ್ರವಾಗಿ ಹಾಕಿ. ಒಳ್ಳೆಯ ಪ್ರಬಂಧ ಮೊದಲ ಸಾಲಿನಿಂದ ನೆಟ್ಟಗೆ ಇಳಿದು ಬರುತ್ತದೆ ಎಂದು ನಂಬಿ ಕೂತ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಬಹಳ ಇದ್ದಾರೆ. ಅವರು ಅದನ್ನು ಕಣ್ಣಾರೆ ನೋಡಬೇಕು.

ಇಂತಿ,
ಕನ್ನಡ ಅಧ್ಯಾಪಕರು,
ರಾಯಚೂರು