ನಿನ್ನ ಸೀಟಿನಲ್ಲಿ ಅಪ್ಪಯ್ಯ

ಪ್ರೀತಿಯ ಗೆಳೆಯ,

ಹೊರಡುವ ಹಿಂದಿನ ರಾತ್ರಿ ಕೈಕೊಟ್ಟೆಯಲ್ಲ, ಅದಕ್ಕೆ ಸರಿಯಾಗಿ ಬೈಯಬೇಕು ಅಂತ ಈ ಪತ್ರ ಶುರು ಮಾಡಿದ್ದೆ. ಈಗ ಬೈಯುವ ಮನಸ್ಸಿಲ್ಲ. ನೀನು ಬಂದಿದ್ದರೆ ನಿನ್ನ ಪಟ್ಟಿಯ ಪ್ರಕಾರ ಒಂಬತ್ತು ಬೀಚು, ಮೂರು ಜಲಪಾತ ನೋಡಿ ವಾಪಸ್ ಬರುತ್ತಿದ್ದೆವು. ನೀನು ಬರಲಿಲ್ಲ. ನಿನ್ನ ಸೀಟಿನಲ್ಲಿ ಅಪ್ಪಯ್ಯ ಕೂತರು.

ಅವರನ್ನು ಕರೆಯುವ ಯೋಚನೆಯೇ ನನಗಿರಲಿಲ್ಲ. ಕುಂದಾಪುರದ ಮನೆಯಲ್ಲಿ ರಾತ್ರಿ ಊಟಕ್ಕೆ ಕೂತಾಗ ಸುಮ್ನೆ ಬಾಯಿಮಾತಿಗೆ "ನೀವು ಬರ್ತೀರಾ?" ಅಂದೆ. "ಹೋಪ" ಅಂದರು. ಅಷ್ಟೇ. ಬೆಳಿಗ್ಗೆ ಐದಕ್ಕೆ ನಾನು ಎದ್ದು ನೋಡಿದರೆ ಚೀಲ ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದಾರೆ. ಚೀಲದಲ್ಲಿ ಎರಡು ಪಂಚೆ, ಒಂದು ಟಾರ್ಚು, ಒಂದು ತೆಂಗಿನಕಾಯಿ. ಕಾಯಿ ಎಂತಕ್ಕೆ ಅಂದರೆ ಉತ್ತರ ಇಲ್ಲ.

ನಿನಗೆ ಗೊತ್ತಿದೆ, ಅವರು 31 ವರ್ಷ ಲಾರಿ ಓಡಿಸಿದವರು. ಮಂಗಳೂರು ಹಂಚಿನ ಲೋಡು ಹೆಚ್ಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಈ ಕರಾವಳಿಯ ಹೊಳೆದಂಡೆಗಳಲ್ಲೆಲ್ಲ ಅಂಥವು ಎದ್ದವು ನೋಡು, ಅವುಗಳ ಕೊನೆಗಾಲದ ಹಂಚನ್ನು ಘಾಟಿ ಹತ್ತಿಸಿದವರಲ್ಲಿ ಇವರೂ ಒಬ್ಬರು. ಹುಲ್ಲು ಹಾಸಿ, ಹಂಚನ್ನು ಅಂಚಿನ ಮೇಲೆ ಒತ್ತೊತ್ತಾಗಿ ನಿಲ್ಲಿಸಿ ಲೋಡು ಮಾಡಬೇಕು. ಒಡೆದರೆ ಬಾಡಿಗೆಯಲ್ಲಿ ಹಿಡಿದುಕೊಳ್ಳುತ್ತಿದ್ದರಂತೆ. ಅದಕ್ಕೇ ಇರಬೇಕು, ಇವತ್ತಿಗೂ ಕಾರು ಒಂದು ಸಣ್ಣ ಗುಂಡಿಗೆ ಇಳಿದರೆ ಅವರು ಹಲ್ಲು ಕಚ್ಚುತ್ತಾರೆ.

ಮರವಂತೆಯಲ್ಲಿ ನಾನು ಕಾರು ನಿಲ್ಲಿಸಿದೆ. ನಿನ್ನ ಪಟ್ಟಿಯಲ್ಲಿ ಅದೇ ಮೊದಲನೆಯದು ಅಲ್ವಾ? ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ರಸ್ತೆ. ಸೂರ್ಯ ಆಗಷ್ಟೇ ಬೆಟ್ಟದ ಆಚೆಯಿಂದ ಬರುತ್ತಿದ್ದ. ನಾನು ಫೋನು ತೆಗೆದು ಕಡಲ ಕಡೆ ತಿರುಗಿದೆ. ಅಪ್ಪಯ್ಯ ಕಡಲಿಗೆ ಬೆನ್ನು ಹಾಕಿ ರಸ್ತೆ ನೋಡುತ್ತಾ ನಿಂತಿದ್ದರು. "ಮಳೆಗಾಲದಲ್ಲಿ ಇಲ್ಲಿ ಉಪ್ಪುನೀರು ಗಾಜಿಗೆ ಹೊಡೀತಿತ್ತು. ಒಂದು ಕೈಯಲ್ಲಿ ಸ್ಟೇರಿಂಗು, ಒಂದು ಕೈಯಲ್ಲಿ ಬಟ್ಟೆ" ಅಂದರು. ನೀರಿಗೆ ಇಳಿಯೋಣ ಬನ್ನಿ ಅಂದೆ. ಪಂಚೆ ಎತ್ತಿ ಕಟ್ಟಿ ಮೊಣಕಾಲಿನವರೆಗೆ ಇಳಿದರು. ಅಲ್ಲಿ ಕಾಲು ಒದ್ದೆ ಮಾಡಿಕೊಂಡದ್ದು ಅವರು ಅದೇ ಮೊದಲು ಮಾರಾಯ! ಮನೆಯಿಂದ ಅರ್ಧ ಗಂಟೆಯ ದಾರಿ, ಸಾವಿರ ಸಲ ದಾಟಿದ್ದಾರೆ. ಆದರೆ ಲೋಡಿನ ಗಾಡಿ ನಿಲ್ಲಿಸಿ ನೀರಾಟ ಆಡಲಿಕ್ಕೆ ಯಾರು ಬಿಡ್ತಾರೆ?

ಅಲ್ಲಿಂದ ಆಚೆ ನಿನ್ನ ಪಟ್ಟಿಯನ್ನು ಡ್ಯಾಶ್‌ಬೋರ್ಡಿನ ಒಳಗೆ ಹಾಕಿದೆ.

ಹೆದ್ದಾರಿಗೆ 66 ಅಂತ ಹೆಸರು ಬದಲಾಗಿ ಹತ್ತು ವರ್ಷದ ಮೇಲಾಯಿತು, ಅಪ್ಪಯ್ಯನಿಗೆ ಅದು ಇನ್ನೂ ಹದಿನೇಳೇ. ಟೋಲಿನಲ್ಲಿ ದುಡ್ಡು ತಾನೇ ಕತ್ತರಿಸಿಕೊಂಡು ಗೇಟು ಏಳುವುದನ್ನು ಅನುಮಾನದಿಂದ ನೋಡಿದರು. ಮುರ್ಡೇಶ್ವರದಲ್ಲಿ 123 ಅಡಿಯ ಶಿವನನ್ನು ಕಾರಿನಿಂದಲೇ ಕೈಮುಗಿದು "ನಮ್ಮ ಕಾಲದಲ್ಲಿ ಇಲ್ಲಿ ಇಷ್ಟು ದೊಡ್ಡವ ಇರಲಿಲ್ಲ" ಅಂದರು. ಹೊನ್ನಾವರದಲ್ಲಿ ಶರಾವತಿ ದಾಟಿದೆವು. ಬಂಗುಡೆ ಹುರಿದದ್ದು, ಕುಚ್ಚಲಕ್ಕಿ ಅನ್ನ. ಊಟದ ಬಗ್ಗೆ ಜಾಸ್ತಿ ಬರೆದರೆ ನಿನಗೆ ಹೊಟ್ಟೆಯುರಿ, ಬಿಡು.

ಕುಮಟಾದ ಹತ್ತಿರ ಅಳ್ವೆಕೋಡಿಯಲ್ಲಿ ರಸ್ತೆಬದಿಗೆ ಸಿಹಿ ಈರುಳ್ಳಿ ನೇತುಹಾಕಿದ್ದರು. ಏಪ್ರಿಲ್ ಅಲ್ವಾ, ಅದರದೇ ಕಾಲ. ಒಣಗಿದ ಎಲೆಯನ್ನು ಜಡೆ ಹಾಗೆ ಹೆಣೆದು ಗೊಂಚಲು ಮಾಡಿರುತ್ತಾರೆ. ಅಪ್ಪಯ್ಯ ಚೌಕಾಸಿ ಮಾಡಿದ ರೀತಿ ನೋಡಬೇಕಿತ್ತು. ಮಾರುವ ಅಮ್ಮನ ಹತ್ತಿರ ಮೊದಲು ಊರು, ಗದ್ದೆ, ಮಳೆ ಎಲ್ಲ ಮಾತಾಡಿ, ಕೊನೆಗೆ ರೇಟು. ಮೂರು ಗೊಂಚಲು ಕಾರಿನ ಹಿಂದಿನ ಸೀಟಿಗೆ ಬಂದವು. ಮುಂದಿನ ಮೂರು ದಿನ ನಾವು ಈರುಳ್ಳಿ ವಾಸನೆಯಲ್ಲೇ ಪ್ರಯಾಣ ಮಾಡಿದೆವು.

ಕುಮಟಾದಿಂದ ಬಲಕ್ಕೆ ತಿರುಗಿ ಘಾಟಿ ಹತ್ತುವುದು ನನ್ನ ಲೆಕ್ಕ. ಅಪ್ಪಯ್ಯ "ಮೊದಲು ಶಿರೂರಿಗೆ ಹೋಪ" ಅಂದರು. ನಮ್ಮ ಬೈಂದೂರಿನ ಹತ್ತಿರದ ಶಿರೂರಲ್ಲ, ಅದನ್ನು ದಾಟಿಯೇ ಬಂದಿದ್ದೆವು. ಇದು ಅಂಕೋಲಾದ ಶಿರೂರು.

ನಿನಗೆ ನೆನಪಿರಬೇಕು. 2024ರ ಜುಲೈ 16ರ ಬೆಳಿಗ್ಗೆ ಅಲ್ಲಿ ಗುಡ್ಡ ಜರಿದು ಹೆದ್ದಾರಿಯ ಮೇಲೆ ಬಿತ್ತು. ರಸ್ತೆಬದಿಯ ಚಹಾದ ಅಂಗಡಿ, ನಿಂತಿದ್ದ ವಾಹನಗಳು ಎಲ್ಲ ಮಣ್ಣಿನ ಜೊತೆ ಗಂಗಾವಳಿಗೆ ಹೋದವು. ಕೇರಳದ ಒಬ್ಬ ಡ್ರೈವರ್, ಮರದ ಲೋಡಿನ ಲಾರಿ ಸಮೇತ ಕಾಣೆಯಾದರು. ಆ ಮಳೆಗಾಲ ಪೂರ್ತಿ ಅಪ್ಪಯ್ಯ ಟಿವಿ ಬಿಟ್ಟು ಏಳಲಿಲ್ಲ ಅಂತ ಅಮ್ಮ ಫೋನಿನಲ್ಲಿ ದೂರು ಹೇಳುತ್ತಿದ್ದಳು. ಆಫೀಸಿನಲ್ಲಿ ಇದ್ದಾಗ ಅವರ ಫೋನು. "ನಿಂಗೆ ಇಂಟರ್ನೆಟ್ಟಲ್ಲಿ ಮೊದಲು ಗೊತ್ತಾಗ್ತದಲ್ಲ, ಲಾರಿ ಸಿಕ್ತಾ?" ಸೆಪ್ಟೆಂಬರ್ 25ರಂದು ಲಾರಿ ಹೊಳೆಯಿಂದ ಮೇಲೆ ಬಂತು. ಎಪ್ಪತ್ತು ದಿನ ದಾಟಿತ್ತು. ಆ ಡ್ರೈವರನ ದೇಹ ಕ್ಯಾಬಿನ್ನಿನಲ್ಲೇ ಇತ್ತು. ಆವತ್ತು ಅಪ್ಪಯ್ಯ ಫೋನು ಮಾಡಲಿಲ್ಲ.

ಅಲ್ಲಿ ಕಾರು ನಿಲ್ಲಿಸಿ ಇಳಿದೆವು. ಒಂದು ಬದಿಗೆ ಚರ್ಮ ಸುಲಿದ ಹಾಗೆ ಕಾಣುವ ಕೆಂಪು ಗುಡ್ಡ, ಇನ್ನೊಂದು ಬದಿಗೆ ಹೊಳೆ. ಬೇಸಿಗೆಯ ಗಂಗಾವಳಿ ಎಷ್ಟು ಶಾಂತ ಅಂದರೆ ಈ ನೀರೇ ಅದು ಅಂತ ನಂಬಲಿಕ್ಕೆ ಆಗುವುದಿಲ್ಲ. ಅಪ್ಪಯ್ಯ ಹೊಳೆ ನೋಡಲಿಲ್ಲ. ಕತ್ತು ಎತ್ತಿ ಗುಡ್ಡವನ್ನೇ ನೋಡಿದರು. ಆಮೇಲೆ ಮಾತು ಬಂತು. ಹುಬ್ಬಳ್ಳಿಯಿಂದ ಅರಬೈಲ್ ಘಾಟಿ ಇಳಿದು ಬಂದ ರಾತ್ರಿಗಳಲ್ಲಿ ಇದೇ ಹೊಳೆಬದಿಯಲ್ಲಿ ಎಷ್ಟೋ ಸಲ ಗಾಡಿ ಹಾಕಿ ಮಲಗಿದ್ದಾರಂತೆ. ಘಾಟಿ ಮುಗಿಯಿತು, ಇನ್ನು ಹೆದರಿಕೆ ಇಲ್ಲ ಅಂತ. "ಗುಡ್ಡದ ಕಾಲು ಕಡಿದರೆ ಅದು ನಿಲ್ಲುದು ಹ್ಯಾಂಗೆ?" ಅಂದರು. ನನ್ನ ಹತ್ತಿರ ಅಲ್ಲ, ಯಾರ ಹತ್ತಿರವೂ ಅಲ್ಲ. ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ನಾಲ್ಕೈದು ನಿಮಿಷ ನಿಂತಿದ್ದೆವು ಅಷ್ಟೇ. ಕಾಯಿ ಇಲ್ಲಿಗೇ ಇರಬೇಕು ಅಂದುಕೊಂಡೆ. ಅಲ್ಲ, ಅದು ಚೀಲದಲ್ಲೇ ಉಳಿಯಿತು.

ವಾಪಸ್ ಕುಮಟಾಕ್ಕೆ ಬಂದು ದೇವಿಮನೆ ಘಾಟಿ ಹತ್ತಿದೆವು. ಆ ರಸ್ತೆ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ನಡೆದದ್ದು ನಿನಗೂ ಗೊತ್ತು. ನಾನು ಡ್ರೈವಿಂಗ್ ಕಲಿತದ್ದು ಬೆಂಗಳೂರಿನಲ್ಲಿ. ಅಲ್ಲಿ ನುಗ್ಗಿದವನದೇ ದಾರಿ, ಉಳಿದವರು ಸರಿದು ನಿಲ್ಲಬೇಕು. ಒಂದು ತಿರುವಿನಲ್ಲಿ ನಾನು ಹತ್ತುತ್ತಿದ್ದೆ, ಮೇಲಿನಿಂದ ಒಂದು ಟೆಂಪೋ ಬಂತು. ನಾನು ಅಭ್ಯಾಸ ಬಲದಿಂದ ಬದಿಗೆ ಸರಿಸಿ ನಿಲ್ಲಿಸಿದೆ. "ನೀನೆಂತಕ್ಕೆ ನಿಲ್ಸಿದ್ದು? ಹತ್ತುವ ಗಾಡಿಗೆ ಅವ ದಾರಿ ಬಿಡಬೇಕು" ಅಂತ ಬೈದರು. ಯಾಕೆ ಅಂದರೆ ಹತ್ತುವವನು ಲೋಡಿನ ಜೊತೆ ಒಮ್ಮೆ ನಿಂತರೆ ಮತ್ತೆ ಎಬ್ಬಿಸುವುದು ಕಷ್ಟ. ಹಿಂದೆ ಜಾರುತ್ತದೆ. ಅದಕ್ಕೇ ಕ್ಲೀನರ್ ಹುಡುಗ ಮರದ ತುಂಡು ಹಿಡಿದುಕೊಂಡು ಗಾಡಿಯ ಹಿಂದೆಯೇ ನಡೆಯುತ್ತಿದ್ದನಂತೆ, ನಿಂತ ಕೂಡಲೇ ಚಕ್ರಕ್ಕೆ ಅಡ್ಡ ಕೊಡಲಿಕ್ಕೆ. ಅಪ್ಪಯ್ಯ ಈ ಕಸುಬಿಗೆ ಬಂದದ್ದೇ ಆ ತುಂಡು ಹಿಡಿದುಕೊಂಡು, ಹದಿನಾಲ್ಕನೇ ವರ್ಷಕ್ಕೆ. ಇದು ನನಗೆ ಗೊತ್ತೇ ಇರಲಿಲ್ಲ ನೋಡು.

ಶಿರಸಿಯಲ್ಲಿ ರಾತ್ರಿ ಉಳಿದೆವು. ಊಟಕ್ಕೆ ಅಪ್ಪೆಹುಳಿ ಕೊಟ್ಟರು. ನಾನು ಎರಡು ಲೋಟ ಕುಡಿದೆ, ಅಪ್ಪಯ್ಯ ಮೂರು ಕುಡಿದು ಒಂಬತ್ತಕ್ಕೇ ಗೊರಕೆ.

ಜೋಗ ನೋಡಿಲ್ಲ ಅಂದಾಗ ನನಗೆ ನಿಜಕ್ಕೂ ನಂಬಿಕೆ ಬರಲಿಲ್ಲ. ಹೊನ್ನಾವರದಿಂದ ಗೇರುಸೊಪ್ಪೆ ಮೇಲೆ ಸಾಗರಕ್ಕೆ ಹೋಗುವಾಗೆಲ್ಲ ಪಕ್ಕದಲ್ಲೇ ದಾಟಿದ್ದಾರೆ. ಸರಿ, ಹೋದೆವು. ಮೇಲೆ ಲಿಂಗನಮಕ್ಕಿ ಕಟ್ಟೆ ಆದದ್ದು 1964ರಲ್ಲಿ. ಆಮೇಲೆ ಬೇಸಿಗೆಯ ಜೋಗ ಎಂದರೆ 829 ಅಡಿಯ ಕಪ್ಪು ಬಂಡೆ, ಅದರ ಮೇಲೆ ಒಂದೆರಡು ಬಿಳಿ ದಾರ. ನಾನು ಪೆಚ್ಚಾದೆ. ಅಪ್ಪಯ್ಯ ಕಟಾಂಜನ ಹಿಡಿದು ಬಗ್ಗಿ ನೋಡಿ, ಜೋರಾಗಿ ನಕ್ಕರು. "ಇಷ್ಟು ವರ್ಷ ಕಾದು ಬಂದದ್ದು ಕಲ್ಲು ಕಾಂಬುಕಾ!" ಮಳೆಗಾಲದಲ್ಲಿ ಮತ್ತೆ ಕರೆದುಕೊಂಡು ಬರುತ್ತೇನೆ ಅಂದೆ. "ಮಳೆಗಾಲದಲ್ಲಿ ಘಾಟಿ ಬೇಡ" ಅಂದರು. ಶಿರೂರು ತಲೆಯಲ್ಲಿ ಇತ್ತು ಅಂತ ಕಾಣುತ್ತದೆ.

ಸಾಗರದಿಂದ, ಶರಾವತಿ ಹಿನ್ನೀರಿಗೆ ಕಟ್ಟಿದ ಸಿಗಂದೂರಿನ ಹೊಸ ಸೇತುವೆ ಮೇಲೆ ಹೋದೆವು. 2025ರ ಜುಲೈಯಲ್ಲಿ ಶುರುವಾಯಿತಲ್ಲ, ಅದೇ. ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಮೂರ್ನಾಲ್ಕು ನಿಮಿಷದಲ್ಲಿ ಆಚೆ ದಡ. ಅಪ್ಪಯ್ಯ ಒಮ್ಮೆ ಅಕ್ಕಿ ಲೋಡು ಹಾಕಿಕೊಂಡು ಸಂಜೆ ಬಂದು, ಕೊನೆಯ ಲಾಂಚು ತಪ್ಪಿ, ದಡದಲ್ಲೇ ರಾತ್ರಿ ಕಳೆದಿದ್ದರಂತೆ. ಆಚೆ ದಡದ ತುಮರಿಯ ಕಡೆಯವರಿಗೆ ಅದು ಒಂದು ರಾತ್ರಿಯ ಕತೆ ಅಲ್ಲ. ಹಿನ್ನೀರು ಬಂದ ಮೇಲೆ ಆಸ್ಪತ್ರೆಗೆ ಹೋಗಲಿಕ್ಕೂ ಲಾಂಚೇ. ನೀರು ಇಳಿದ ಕಡೆ ಮುಳುಗಿ ಸತ್ತ ಮರಗಳ ಬೊಡ್ಡೆ ಕಾಣುತ್ತಿತ್ತು. ಸೇತುವೆ ಮುಗಿದ ಮೇಲೆ ಅಪ್ಪಯ್ಯ "ಇನ್ನೊಂದು ಸಲ ಹೋಗಿ ಬಪ್ಪ" ಅಂದರು. ಹೋದೆವು! ಆಚೆ ಹೋಗಿ, ಈಚೆ ಬಂದು, ಮತ್ತೆ ಆಚೆ.

ಅಲ್ಲಿಂದ ಕೊಲ್ಲೂರು ಮೇಲೆ ಇಳಿದರೆ ಮನೆ ಹತ್ತಿರ. ಬೇಡ, ಹುಲಿಕಲ್ ಘಾಟಿಯೇ ಆಗಬೇಕು ಅಂದರು. ನಗರಕ್ಕೆ ಬಂದು ಮಾಸ್ತಿಕಟ್ಟೆ ದಾಟಿ ಇಳಿಯಲು ಶುರು ಮಾಡಿದೆ. "ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ" ಅಂತ ಮೊದಲೇ ಹೇಳಿದ್ದರು. ನಾನು ಜಾಣ. ಮೂರನೇ ಗೇರಿನಲ್ಲಿ ಹಾಕಿ ಬ್ರೇಕು ಒತ್ತುತ್ತಾ ಬಂದೆ. ನಾಲ್ಕೈದು ತಿರುವು ಆಗಿರಬೇಕು, ಸುಟ್ಟ ವಾಸನೆ ಬಂತು. ನನಗೆ ಈರುಳ್ಳಿ ಅನಿಸಿತು. ಅಪ್ಪಯ್ಯ ಎಡಗೈ ಎತ್ತಿ, "ಬದಿಗೆ ಹಾಕು" ಅಂದರು. ಅವರ ಬಲಗಾಲು ಕಾರಿನ ಮ್ಯಾಟನ್ನು ಒತ್ತಿ ಹಿಡಿದಿತ್ತು, ಅಲ್ಲಿ ಬ್ರೇಕೇ ಇಲ್ಲ. ಇಳಿದು ಚಕ್ರದ ಹತ್ತಿರ ಕೈ ತಂದರೆ ಬಿಸಿ. ನೀರು ಹಾಕಲಾ ಅಂದೆ. "ಹಾಕ್ಬೇಡ, ತನ್ನಷ್ಟಕ್ಕೇ ಆರಲಿ." ಅರ್ಧ ಗಂಟೆ ಕಾಡಿನ ನಡುವೆ ಕಲ್ಲಿನ ಮೇಲೆ ಕೂತೆವು. ಬೈಯಲಿಲ್ಲ. ಅದೇ ನನಗೆ ಜಾಸ್ತಿ ಕಷ್ಟ ಆಯಿತು.

ಆಮೇಲೆ ಎರಡನೇ ಗೇರು. ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಕಾಲಿಗೆ ಕೆಲಸವೇ ಇಲ್ಲ. ಘಾಟಿಯ ಚಂಡಿಕಾಂಬೆ ಗುಡಿ ಬಂತು. ಹುಲಿಕಲ್ಲಿನಲ್ಲಿ ಹತ್ತುವವರು, ಇಳಿಯುವವರು ನಿಂತು ಕೈಮುಗಿದೇ ಮುಂದೆ ಹೋಗುವುದು. ಆಗ ಕಾಯಿ ಚೀಲದಿಂದ ಹೊರಗೆ ಬಂತು. ಲಾರಿ ಬಿಟ್ಟ ಕೊನೆಯ ಟ್ರಿಪ್ಪಿನಲ್ಲಿ ಮಳೆ ಜೋರಿತ್ತು, ನಿಲ್ಲಿಸದೆ ಇಳಿದುಬಿಟ್ಟೆ ಅಂದರು. ಒಂದು ಕಾಯಿ ಬಾಕಿ ಇತ್ತಂತೆ. ಒಡೆಸಿ, ಒಂದು ಚೂರು ನನಗೆ ಕೊಟ್ಟು, ಒಂದು ಚೂರು ಬಾಯಿಗೆ ಹಾಕಿಕೊಂಡು, ಹೊಸಂಗಡಿ ಬರುವವರೆಗೆ ಅದನ್ನೇ ಅಗಿಯುತ್ತಾ ಕೂತರು.

ಮನೆಗೆ ಬಂದ ಮೇಲೆ ಅಮ್ಮ "ಏನೇನು ನೋಡಿದಿರಿ?" ಅಂತ ಕೇಳಿದಳು. ನಾನು ಫೋನು ಕೊಟ್ಟೆ. ಅಪ್ಪಯ್ಯ "ಸೇತುವೆ ಲಾಯ್ಕಿತ್ತು" ಅಂದರು.

ನಿನ್ನ ಪಟ್ಟಿ ಇನ್ನೂ ಡ್ಯಾಶ್‌ಬೋರ್ಡಿನಲ್ಲಿದೆ, ಬಂದರೆ ಕೊಡುತ್ತೇನೆ. ಈರುಳ್ಳಿಯ ಒಂದು ಗೊಂಚಲು ನಿನ್ನ ಹೆಸರಿಗೆ ಅಂತ ಅಪ್ಪಯ್ಯನೇ ತೆಗೆದಿಟ್ಟದ್ದು. ಅಡುಗೆಮನೆಯ ಮಾಡಿಗೆ ಕಟ್ಟಿದ್ದಾರೆ. ಅಮ್ಮ ದಿನಾ ಅದರ ಮೇಲೆ ಕಣ್ಣು ಹಾಕುತ್ತಾಳೆ, ಬೇಗ ಬಾ.

ನಿನ್ನವ