ಅಮಿಗಾಗೆ ಜೀವ ಕೊಟ್ಟ ಹೆಸರಿಲ್ಲದ ಗೆಳೆಯರಿಗೆ

ಕೈಗೇಮಿಂಗ್ ಸಾಧನದಲ್ಲಿ, ಹಳೆಯ ಗೇಮ್ ಓಡಿಸುವ ತಂತ್ರಾಂಶವಾದ ರೆಟ್ರೋಆರ್ಚ್‌ನಲ್ಲಿ 1980ರ ದಶಕದ ಮನೆ ಕಂಪ್ಯೂಟರ್ ಅಮಿಗಾ 500 ಓಡಿಸುವ ದಾರಿ ತೋರಿ, ಹೆಸರೂ ಹೇಳದೆ ಹೋದಿರಿ. ನಿಮಗೆ ಮನಸಾರೆ ಧನ್ಯವಾದ.

ನೀವು ಮೊದಲು ಕೇಳಿದ್ದೇ ಅಮಿಗಾವನ್ನು ಚಾಲೂ ಮಾಡುವ (ಬಯೋಸ್) ತಂತ್ರಾಂಶವಾದ ಕಿಕ್‌ಸ್ಟಾರ್ಟ್ 1.3 ಫೈಲಿನ ಗಾತ್ರ: 2,62,144 ಬೈಟ್ ಇರಬೇಕು. ಆಮೇಲೆ ಹೆಸರು. ರೆಟ್ರೋಆರ್ಚ್‌ನೊಳಗೆ ಅಮಿಗಾವನ್ನು ಅನುಕರಿಸುವ ಭಾಗವಾದ ಪಿಯುಎಇ ಕೋರ್ ಹುಡುಕುವುದು 'ಕಿಕ್34005.ಎ500' (kick34005.A500) ಎಂಬುದನ್ನು. ವಿಂಡೋಸ್ ಎಕ್ಸ್‌ಟೆನ್ಷನ್ (ಹೆಸರಿನ ಕೊನೆಯ ಚುಕ್ಕಿಯ ನಂತರದ ಭಾಗ) ಬಚ್ಚಿಟ್ಟಿದ್ದರೆ, ಹೆಸರು ಬದಲಿಸಿದರೂ ಹಳೆಯ ಬಾಲ ಕಾಣದಂತೆ ಅಂಟಿಕೊಂಡಿರುತ್ತದೆ. ಆಗ ಕೋರ್ ತನ್ನೊಳಗಿನ, ಕಿಕ್‌ಸ್ಟಾರ್ಟ್‌ಗೆ ಬದಲಿಯಾದ ಆರೋಸ್‌ ಬಳಸುತ್ತದೆ. ಹಲವು ಗೇಮ್‌ಗಳು ಅಲ್ಲೇ ನಿಂತುಬಿಡುತ್ತವೆ. ಬಯೋಸ್ ಕಡತ ಇದೆಯಲ್ಲ ಎಂದುಕೊಂಡವರಿಗೆ ಈ ಕಾರಣ ಹೊಳೆಯುವುದೇ ಇಲ್ಲ.

ಎರಡು–ಮೂರು ಡಿಸ್ಕಿನ ಗೇಮ್‌ಗೆ ಒಂದು ಎಂ3ಯು (ಪಟ್ಟಿಯ ಪಠ್ಯ) ಫೈಲ್ ಸಾಕು: ಸಾಲಿಗೊಂದರಂತೆ ಎಡಿಎಫ್ (ಡಿಸ್ಕಿನ ನಕಲು) ಕಡತಗಳ ಹೆಸರುಗಳು, ಕ್ರಮ ತಪ್ಪದೆ. ಡಿಸ್ಕ್ ಕೇಳಿದಾಗ ಕ್ವಿಕ್ ಮೆನುವಿನಿಂದ ಬದಲಿಸಬಹುದು.

ಎಲ್ಲಕ್ಕಿಂತ ಬೆಲೆಬಾಳುವ ಮಾತು ಪಾಲ್ (ಯೂರೋಪಿನ 50 ಹರ್ಟ್ಜ್ ಟಿವಿ ಪದ್ಧತಿ) ಬಗ್ಗೆ ಹೇಳಿದ್ದು. 50 ಹರ್ಟ್ಜ್ ಚಿತ್ರ 60 ಹರ್ಟ್ಜ್ ಪರದೆಯಲ್ಲಿ ತುಸು ಜರ್ಕ್ ಹೊಡೆಯುತ್ತದೆ. ಅದಕ್ಕೆಂದು ಅಮೆರಿಕದ 60 ಹರ್ಟ್ಜ್ ಪದ್ಧತಿಯಾದ ಎನ್‌ಟಿಎಸ್‌ಸಿಗೆ ಬದಲಿಸಿದರೆ ಯೂರೋಪಿನ ಗೇಮ್‌ಗಳು ಸಾಮಾನ್ಯವಾಗಿ ಶೇ 20ರಷ್ಟು ವೇಗವಾಗಿ ಓಡುತ್ತವೆ, ಸಂಗೀತವೂ ಅವಸರಕ್ಕೆ ಬೀಳುತ್ತದೆ, 256 ಸಾಲಿನ ಚಿತ್ರದ ಕೆಳಭಾಗ ಕತ್ತರಿಸಿ ಹೋಗುತ್ತದೆ. ಜರ್ಕನ್ನೇ ಸಹಿಸಿಕೊಳ್ಳಿ ಎಂದ ನಿಮ್ಮ ಸಲಹೆ ನೂರಕ್ಕೆ ನೂರು ಸರಿ.