ಮಗಳಿಗೊಂದು ಪತ್ರ: ಡಿಸಿ ಕುರ್ಚಿಯ ಆಚೆಗೂ ನೋಡು

ಹಾಸನ
ಭಾನುವಾರ ರಾತ್ರಿ

ಪುಟ್ಟಿ,

ನಿನ್ನ ಐಎಎಸ್ ಓದಿನ ಬಗ್ಗೆ ಮಾತಾಡಿ ಬೆಳಿಗ್ಗೆ ಫೋನ್ ಇಟ್ಟಮೇಲೆ ನಿನ್ನದೊಂದು ಮಾತು ತಲೆಯಲ್ಲೇ ಉಳಿದುಬಿಟ್ಟಿತು. "ಅಮ್ಮ, ಒಂದು ಸಲ ಡಿಸಿ ಆದರೆ ಸಾಕು, ಆಮೇಲೆ ನನಗೇನೂ ಬೇಡ" ಅಂದೆ. ಆಗ ನಾನು ಏನೂ ಹೇಳಲಿಲ್ಲ. ಫೋನಿನಲ್ಲಿ ಉದ್ದಕ್ಕೆ ಹೇಳಿದರೆ ನೀನು "ಆಯ್ತಮ್ಮ, ಆಯ್ತಮ್ಮ" ಅಂತ ಮುಗಿಸಿಬಿಡುತ್ತೀಯ. ಪತ್ರವಾದರೆ ಎರಡು ಸಲ ಓದುತ್ತೀಯ, ಅದು ಗೊತ್ತು. ಅದಕ್ಕೇ ಊಟ ಮುಗಿಸಿ ಬರೆಯಲು ಕೂತಿದ್ದೇನೆ.

ಈ ಆಸೆ ನಿನಗೆ ಯಾವಾಗ ಹುಟ್ಟಿತು ಅನ್ನೋದು ನನಗೆ ನೆನಪಿದೆ. ಎರಡನೇ ಕ್ಲಾಸಿನಲ್ಲಿದ್ದೆ. ಹಾಸನಾಂಬೆಯ ಬಾಗಿಲು ತೆರೆದಿತ್ತು. ವರ್ಷಕ್ಕೊಂದೇ ಸಲ ತೆರೆಯುವ ಬಾಗಿಲು, ಜನಕ್ಕೆ ಕೇಳಬೇಕಾ? ನೀನು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದೆ. "ಡಿಸಿ ಬಂದರು" ಅಂತ ಗದ್ದಲವಾಯಿತು, ಕಣ್ಣುಜ್ಜಿಕೊಂಡು ನೋಡಿದೆ. ಅವರು ಬ್ಯಾರಿಕೇಡ್ ಪಕ್ಕ ನಿಂತು ಪೊಲೀಸರಿಗೆ ಏನೋ ಹೇಳಿದರು. ಒಂದು ಗಂಟೆಯಿಂದ ಅಲ್ಲಾಡದ ಸಾಲು ಮುಂದೆ ಹೋಯಿತು. "ಅವರು ಹೇಳಿದರೆ ಎಲ್ಲರೂ ಕೇಳ್ತಾರಾ ಅಮ್ಮ?" ಅಂತ ಕೇಳಿದೆ. ಹೂಂ ಅಂದೆ. ಅವತ್ತಿನಿಂದ ನಿನ್ನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲೆಲ್ಲ ನಿನ್ನ ಹೆಸರು, ಕೆಳಗೆ "ಜಿಲ್ಲಾಧಿಕಾರಿ".

ಅವತ್ತು ಹೂಂ ಅಂದದ್ದು ಅರ್ಧ ನಿಜ. ಉಳಿದರ್ಧ ಇವತ್ತು ಹೇಳುತ್ತೇನೆ.

ನಿಮ್ಮಪ್ಪ ಹೋದಮೇಲೆ ಅನುಕಂಪದ ಆಧಾರದಲ್ಲಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕಿ) ಆಗಿ ಸೇರಿದವಳು ನಾನು. ಅಲ್ಲಿಂದ ಇಲ್ಲಿವರೆಗೂ ಟಪಾಲು, ಕಡತ, ಟಿಪ್ಪಣಿ ಹಾಳೆ ಇದೇ ನನ್ನ ಜೀವನ. ಎಷ್ಟೋ ಅಧಿಕಾರಿಗಳನ್ನು ಕಂಡಿದ್ದೇನೆ. ಕಡತ ತೆರೆಯದೆ "ಚರ್ಚಿಸಿ" ಅಂತ ಬರೆದು ವಾಪಸ್ ಕಳಿಸುವವರನ್ನೂ ಕಂಡಿದ್ದೇನೆ, ರಾತ್ರಿ ಒಂಬತ್ತಕ್ಕೆ ರೆಕಾರ್ಡ್ ರೂಮಿನಲ್ಲಿ ದೂಳು ಕುಡಿಯುತ್ತಾ ನಿಂತವರನ್ನೂ ಕಂಡಿದ್ದೇನೆ.

ಒಬ್ಬರ ವಿಷಯ ಹೇಳಲೇಬೇಕು. ಹೆಸರು, ಊರು ಬೇಡ. ನಾನು ಹಿಂದೆ ಇದ್ದ ಒಂದು ಕಚೇರಿಗೆ ಹೊಸದಾಗಿ ಎಸಿ (ಉಪವಿಭಾಗಾಧಿಕಾರಿ) ಆಗಿ ಬಂದಿದ್ದರು. ಮಸ್ಸೂರಿ ತರಬೇತಿ, ಜಿಲ್ಲಾ ತರಬೇತಿ ಮುಗಿಸಿ ಮೊದಲ ಪೋಸ್ಟಿಂಗ್. ಒಂದು ದಿನ ನನ್ನ ಮೇಜಿನ ಹತ್ತಿರ ಬಂದು ಪೌತಿ ಖಾತೆ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಅರ್ಜಿಯೊಂದನ್ನು ಕೈಗೆತ್ತಿಕೊಂಡರು. ಗಂಡ ಸತ್ತ ಹೆಂಗಸಿನ ಅರ್ಜಿ. ಮರಣ ಪತ್ರ, ವಂಶವೃಕ್ಷ, ಪಹಣಿ ಎಲ್ಲ ಇತ್ತು. ಹಳೇ ಮ್ಯುಟೇಶನ್ (ಖಾತೆ ಬದಲಾವಣೆ) ನಕಲು ಇಲ್ಲ ಅಂತ ನಾನೇ ಬಾಕಿ ಬರೆದಿದ್ದೆ. "ಈ ನಕಲು ಅವರು ಎಲ್ಲಿಂದ ತರಬೇಕು?" ಅಂತ ಕೇಳಿದರು. "ನಮ್ಮ ರೆಕಾರ್ಡ್ ರೂಮಿನಿಂದ ಸರ್. ಅರ್ಜಿ ಹಾಕಿ, ಫೀಸು ಕಟ್ಟಿ ತಗೊಂಡು ಬರಬೇಕು" ಅಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಅಂದರೆ ನಮ್ಮ ಹತ್ತಿರ ಇರುವುದನ್ನೇ ನಮ್ಮಿಂದ ತಗೊಂಡು ನಮಗೇ ಕೊಡಬೇಕಾ?"

ನಿಜ ಹೇಳುತ್ತೇನೆ ಪುಟ್ಟಿ, ಅಷ್ಟು ವರ್ಷ ಕೆಲಸ ಮಾಡಿದರೂ ನನಗೆ ಹಾಗೆ ಹೊಳೆದೇ ಇರಲಿಲ್ಲ. ಅವತ್ತು ನನಗೆ ತುಂಬ ನಾಚಿಕೆಯಾಯಿತು. ನಾಳೆಯಿಂದ ಆ ನಕಲು ನಾವೇ ಹುಡುಕಿ ಕಡತಕ್ಕೆ ಸೇರಿಸಬೇಕು ಅಂತ ಹೇಳಿದರು. ಸೇರಿಸಿದೆವು. ಏಳೆಂಟು ತಿಂಗಳು ಯಾರನ್ನೂ ಅಲೆಸಲಿಲ್ಲ. ವರ್ಷ ತುಂಬುವ ಮೊದಲೇ ಅವರಿಗೆ ವರ್ಗಾವಣೆ ಬಂತು. ಮುಂದೆ ಬಂದವರು ಕೆಟ್ಟವರೇನಲ್ಲ. ಚೆಕ್‌ಲಿಸ್ಟ್ ತೆಗೆದು ನೋಡಿದರು. ಅದರಲ್ಲಿ ನಕಲು ಇನ್ನೂ ಇತ್ತು. ಅದು ಮೇಲಿಂದ ಬಂದ ಚೆಕ್‌ಲಿಸ್ಟ್, ನಮ್ಮ ಎಸಿ ಅದನ್ನು ಬದಲಾಯಿಸುವ ಹಾಗಿರಲಿಲ್ಲ. ಮತ್ತೆ ಹೆಂಗಸರು ಸಾಲಿನಲ್ಲಿ ನಿಂತರು.

ಅವತ್ತೇ ನನಗೆ ಅನ್ನಿಸಿತು. ಆ ಹುಡುಗ ಅಲ್ಲಿಗೇ ನಿಲ್ಲಬಾರದು. ಆ ಚೆಕ್‌ಲಿಸ್ಟ್ ಬರೆಯುತ್ತಾರಲ್ಲ, ಆ ಮೇಜಿನ ತನಕ ಹೋಗಬೇಕು.

ಡಿಸಿ ದೊಡ್ಡ ಹುದ್ದೆ, ಇಲ್ಲ ಅನ್ನಲ್ಲ. ಆದರೆ ಲೆಕ್ಕ ಹಾಕು. ಎಸಿ, ಆಮೇಲೆ ಜಿಲ್ಲಾ ಪಂಚಾಯಿತಿ ಸಿಇಒ, ಅದಾದಮೇಲೆ ಡಿಸಿ. ಎರಡು ಮೂರು ಜಿಲ್ಲೆ ಸೇರಿಸಿದರೂ ನಾಲ್ಕೈದು ವರ್ಷ. ಉಳಿದ 25–30 ವರ್ಷ ಎಲ್ಲಿ ಹೋಯಿತು? ಅದೆಲ್ಲ ಸಚಿವಾಲಯದಲ್ಲಿ, ಇಲಾಖೆಗಳಲ್ಲಿ. ಅಲ್ಲಿ ಕಾರಿನ ಮುಂದೆ ಪೊಲೀಸರಿರಲ್ಲ, ಪೇಪರಿನಲ್ಲಿ ಫೋಟೋ ಬರಲ್ಲ. ಆದರೆ ಆಲೂರು, ಸಕಲೇಶಪುರದ ಕಡೆ ಆನೆ ತುಳಿದ ಗದ್ದೆಗೆ ಎಷ್ಟು ಪರಿಹಾರ ಅನ್ನೋದು ತೀರ್ಮಾನವಾಗುವುದು ಅಲ್ಲಿ. ಗದ್ದೆಯ ಬದುವಿನ ಮೇಲೆ ನಿಂತ ಡಿಸಿ ಎಷ್ಟೇ ಮರುಗಿದರೂ ಆ ದರ ಒಂದು ರೂಪಾಯಿ ಏರಲ್ಲ.

ನಿಮ್ಮಜ್ಜಿಯ ಕಥೆ ನಿನಗೆ ಪೂರ್ತಿ ಹೇಳಿಲ್ಲ. ನಾನು ಆರನೇ ಕ್ಲಾಸಿನಲ್ಲಿದ್ದಾಗ ತಾತ ತೀರಿಕೊಂಡರು. ಎರಡು ಎಕರೆ ಚಿಲ್ಲರೆ ಜಮೀನು, ರಾಗಿ, ಸ್ವಲ್ಪ ಆಲೂಗಡ್ಡೆ. ಖಾತೆ ತಾತನ ಹೆಸರಿನಲ್ಲಿ. ಆಗ ಗ್ರಾಮ ಲೆಕ್ಕಿಗರು ಪಹಣಿ ಕೈಯಲ್ಲೇ ಬರೆದುಕೊಡುತ್ತಿದ್ದರು, ಪುಸ್ತಕ ಅವರ ಚೀಲದಲ್ಲೇ ಇರುತ್ತಿತ್ತು. ಅಜ್ಜಿ ನನ್ನನ್ನು ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದರು, ನಾನು ಓದು ಬಲ್ಲವಳು ಅಂತ. ಇವತ್ತು ಪುಸ್ತಕ ಇಲ್ಲ, ನಾಳೆ ಬಾ. ನಾಳೆ ಹೋದರೆ ಸಾಹೇಬರು ಇಲ್ಲ. ಹೀಗೆ ನಾಲ್ಕು ವರ್ಷ. ಪಹಣಿಯ ಒಂಬತ್ತನೇ ಕಾಲಂ, ಅಲ್ಲೇ ಒಡೆಯರ ಹೆಸರು ಇರೋದು. ಆ ಒಂದು ಗೆರೆ ಬದಲಾಗಲು ಒಂದು ಜೊತೆ ಎತ್ತು ಮಾರಬೇಕಾಯಿತು.

ಆಮೇಲೆ 2000ದ ಸುಮಾರಿಗೆ ಭೂಮಿ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ, 177 ತಾಲ್ಲೂಕುಗಳದ್ದು, ಕಂಪ್ಯೂಟರಿಗೆ ಹೋಯಿತು. ಆಗ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲೇ ಪಹಣಿ ಸಿಗುತ್ತಿತ್ತು. ಖಾತೆ ಬದಲಾವಣೆಯಲ್ಲೂ ಮೊದಲು ಬಂದ ಅರ್ಜಿ ಮೊದಲು, ನಡುವೆ ಇನ್ನೊಬ್ಬರದ್ದನ್ನು ತೂರಿಸುವ ಹಾಗಿಲ್ಲ. ಅಜ್ಜಿ ಮೊದಲ ಸಲ ಆ ಪ್ರಿಂಟ್ ತಗೊಂಡು ಬಂದು "ಒಂಬತ್ತನೇದು ಓದು" ಅಂದರು. ಓದಿದೆ. ಇನ್ನೊಂದು ಸಲ ಓದು ಅಂದರು. ಅದನ್ನು ಮುಂದೆ ನಿಂತು ಮಾಡಿಸಿದವರು ರಾಜೀವ್ ಚಾವ್ಲಾ ಅನ್ನುವ ಐಎಎಸ್ ಅಧಿಕಾರಿ. ಅಜ್ಜಿಗೆ ಆ ಹೆಸರು ಕೊನೆವರೆಗೂ ಗೊತ್ತಾಗಲಿಲ್ಲ. ಆ ಕೆಲಸ ಒಂದು ಜಿಲ್ಲೆಯಲ್ಲಿ ಕೂತು ಆಗುವಂಥದ್ದಾಗಿರಲಿಲ್ಲ.

ಸಕಾಲವೂ ಹಾಗೇ. ಸರ್ಕಾರಿ ಸೇವೆ ಹೊತ್ತಿಗೆ ಸರಿಯಾಗಿ ಸಿಗಬೇಕು ಅನ್ನುವ 2011ರ ಕಾಯ್ದೆ. ಅರ್ಜಿ ಕೊಟ್ಟ ತಕ್ಷಣ ಒಂದು ನಂಬರ್, ಇಷ್ಟು ದಿನದೊಳಗೆ ಕೆಲಸ ಆಗಬೇಕು. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ಅರ್ಜಿದಾರರಿಗೆ. ದುಡ್ಡು ಸಣ್ಣದು. ಆದರೆ ನನ್ನ ಮೇಜಿನ ಮೇಲೆ ದಿನಾಂಕ ಬಂದು ಕೂತಿತು. ಅದನ್ನು ನಡೆಸಿದ ಶಾಲಿನಿ ರಜನೀಶ್ 2024ರಲ್ಲಿ ರಾಜ್ಯದ ಮುಖ್ಯ ಕಾರ್ಯದರ್ಶಿ ಆದರು. ಅವರಿಗಿಂತ ಮೊದಲು ಥೆರೇಸಾ ಭಟ್ಟಾಚಾರ್ಯ, ಮಾಲತಿ ದಾಸ್, ರತ್ನಪ್ರಭಾ, ವಂದಿತಾ ಶರ್ಮ. ಕರ್ನಾಟಕದ ಆಡಳಿತದ ತುತ್ತತುದಿಯಲ್ಲಿ ಐದು ಜನ ಹೆಂಗಸರು ಕೂತಿದ್ದಾರೆ. ದೆಹಲಿಯಲ್ಲಿ ಸಂಪುಟ ಕಾರ್ಯದರ್ಶಿ, ಅಂದರೆ ದೇಶದ ಅಧಿಕಾರಿಗಳಲ್ಲೇ ಎಲ್ಲರಿಗಿಂತ ಮೇಲಿನ ಹುದ್ದೆಗೆ ಮಾತ್ರ ಇನ್ನೂ ಒಬ್ಬ ಹೆಂಗಸೂ ಏರಿಲ್ಲ. ಇದನ್ನು ಸುಮ್ನೆ ಬರೆಯುತ್ತಿಲ್ಲ.

ಈಗ ಒಂದು ಲೆಕ್ಕ, ಕೋಚಿಂಗ್‌ನಲ್ಲಿ ಯಾರೂ ಹೇಳದೇ ಇರಬಹುದು.  ಪ್ರಧಾನ ಕಾರ್ಯದರ್ಶಿ ದರ್ಜೆಗೆ 25 ವರ್ಷ ಸೇವೆ ಬೇಕು. ಮುಖ್ಯ ಕಾರ್ಯದರ್ಶಿ ದರ್ಜೆಗೆ 30. ನಿವೃತ್ತಿ 60ನೇ ವಯಸ್ಸಿಗೆ. 25ಕ್ಕೆ ಸೇರಿದರೆ 55ಕ್ಕೆ 30 ವರ್ಷ ತುಂಬುತ್ತದೆ, ಮೇಲೆ ಕೂರಲು ಐದು ವರ್ಷ ಉಳಿಯುತ್ತದೆ. 32ಕ್ಕೆ ಸೇರಿದರೆ? 30 ತುಂಬುವ ಮೊದಲೇ ಮನೆಗೆ. ಪರೀಕ್ಷೆಗೆ ಸಾಮಾನ್ಯ ವರ್ಗಕ್ಕೆ 32ರ ತನಕ, ಹಿಂದುಳಿದವರಿಗೆ 35, ಪರಿಶಿಷ್ಟರಿಗೆ 37 ಅಂತ ಬಾಗಿಲು ತೆರೆದಿದ್ದಾರೆ, ಒಳ್ಳೆಯದೇ. ಆದರೆ ತಡವಾಗಿ ಬರುವವರು ನಮ್ಮಂಥ ಮನೆಯ ಮಕ್ಕಳೇ ಅಲ್ವಾ? ಕೆಲಸ ಮಾಡಿಕೊಂಡು, ಮನೆ ನೋಡಿಕೊಂಡು ಓದಿದವರು. ಅವರಿಗೆ ಒಳಗೆ ಬರುವ ಬಾಗಿಲಿದೆ, ಕೊನೆಯ ಮಹಡಿಗೆ ಮೆಟ್ಟಿಲಿಲ್ಲ. ನನಗೆ ಇದು ಸರಿ ಅನ್ನಿಸಲ್ಲ. ನಿನಗೆ ಈಗ 23. ಅದಕ್ಕೇ ನಿನ್ನ ದೊಡ್ಡಮ್ಮ "ಎರಡು ವರ್ಷ ಕೆಲಸ ಮಾಡಿ ಆಮೇಲೆ ಓದಲಿ" ಅಂದಾಗ ನಾನು ಬೇಡ ಅಂದೆ. ದುಡ್ಡಿನ ಯೋಚನೆ ನನಗೆ ಬಿಡು.

ಮದುವೆಯ ಮಾತೂ ಎತ್ತಿದರು. ಅವರಿಗೆ ನಾನು ಮುತ್ತಮ್ಮನವರ ಕಥೆ ಹೇಳಿದೆ. ನಮ್ಮ ಪಕ್ಕದ ಕೊಡಗಿನವರು, ಸಿ.ಬಿ. ಮುತ್ತಮ್ಮ. 1949ರಲ್ಲೇ ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಂಗಸು. ಆಗಿನ ನಿಯಮ ಹೇಗಿತ್ತು ಗೊತ್ತಾ? ಹೆಂಗಸು ಮದುವೆಯಾಗಲು ಸರ್ಕಾರದಿಂದ ಲಿಖಿತ ಅನುಮತಿ ಪಡೆಯಬೇಕು. ಮದುವೆಯಿಂದ ಕೆಲಸಕ್ಕೆ ಅಡ್ಡಿ ಅಂತ ಸರ್ಕಾರಕ್ಕೆ ಕಂಡರೆ ರಾಜೀನಾಮೆ ಕೇಳಬಹುದು. ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಈ ನಿಯಮಗಳನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಮೂವತ್ತು ವರ್ಷ ಸೇವೆ ಮಾಡಿ, ತನ್ನದೇ ಸರ್ಕಾರದ ಎದುರು ನಿಲ್ಲಲು ಎಷ್ಟು ಗಟ್ಟಿ ಇರಬೇಕು! ದೊಡ್ಡಮ್ಮ ಆಮೇಲೆ ಮಾತಾಡಲಿಲ್ಲ. ನಿನಗೆ ಯಾರಾದರೂ ಇಷ್ಟವಾದರೆ ಹೇಳು, ಅದು ಬೇರೆ ವಿಷಯ.

ಕಷ್ಟವನ್ನೂ ಹೇಳಿಬಿಡುತ್ತೇನೆ. ಕರ್ನಾಟಕ ಕೇಡರ್ ಸಿಗದೇ ಬೇರೆ ರಾಜ್ಯಕ್ಕೆ ಹಾಕಬಹುದು. ಸಿಗದಿದ್ದರೆ ಅಳಬೇಡ, ಆ ಊರಿನ ಭಾಷೆ ಕಲಿ. ಅಲ್ಲೂ ಒಬ್ಬ ಅಜ್ಜಿ ಕಿಟಕಿಯ ಹತ್ತಿರ ನಿಂತಿರುತ್ತಾಳೆ. ವರ್ಗಾವಣೆ ಬರುತ್ತಲೇ ಇರುತ್ತದೆ. ಬಾಯಿ ಮಾತಿನ ಆದೇಶಗಳೂ ಬರುತ್ತವೆ. 2013ರಲ್ಲಿ ನಿವೃತ್ತ ಸಂಪುಟ ಕಾರ್ಯದರ್ಶಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಲ್ಲ, ಅಧಿಕಾರಿಗಳಿಗೆ ಒಂದು ಜಾಗದಲ್ಲಿ ಕನಿಷ್ಠ ಅವಧಿ ಇರಬೇಕು, ಬಾಯಲ್ಲಿ ಹೇಳಿದ್ದನ್ನು ಬರಹದಲ್ಲಿ ದಾಖಲಿಸಬೇಕು ಅಂತ. ಇದನ್ನು ಪರೀಕ್ಷೆಗೆ ಅಂತ ಮಾತ್ರ ಓದಬೇಡ. ನನ್ನ ಕಣ್ಣೆದುರೇ ಫೋನಿನ ಮಾತು ನಂಬಿ ಸಹಿ ಹಾಕಿ ವಿಚಾರಣೆ ಎದುರಿಸಿದವರಿದ್ದಾರೆ. ಫೋನ್ ಮಾಡಿದವರು ಆಮೇಲೆ ಗುರುತೇ ಹಿಡಿಯಲಿಲ್ಲ. "ಟಿಪ್ಪಣಿಯಲ್ಲಿ ಬರೆದು ಕಳಿಸಿ ಸರ್" ಅಂತ ಮೆತ್ತಗೆ ಹೇಳುವುದನ್ನು ಈಗಲೇ ರೂಢಿ ಮಾಡಿಕೋ.

ಓದಿನ ಬಗ್ಗೆ ನಾನೇನು ಹೇಳಲಿ. ಒಂದೇ ಮಾತು, ಕನ್ನಡ ಸಾಹಿತ್ಯ ಐಚ್ಛಿಕ ಬಿಡುವ ಯೋಚನೆ ಇದೆ ಅಂದೆಯಲ್ಲ, ಅವಸರ ಮಾಡಬೇಡ. ಕೋಲಾರದ ನಂದಿನಿ ಅದನ್ನೇ ತಗೊಂಡು 2016ರ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲು ಬಂದರು. ನಿನ್ನ ಹಾಗೇ ಇಂಜಿನಿಯರಿಂಗ್ ಓದಿದವರು. ಮೊದಲ ಹಂತದ ಪ್ರಿಲಿಮ್ಸ್ ಒಂದು ಸಲ ಹೋಯಿತು ಅಂತ ಎಲ್ಲವನ್ನೂ ಬದಲಾಯಿಸುವುದು ಬೇಡ.

ಕವರಿನೊಳಗೆ ಇನ್ನೊಂದು ಹಾಳೆ ಇದೆ. ನಮ್ಮ ಜಮೀನಿನ ಹಳೇ ಕೈಬರಹದ ಪಹಣಿ, ಒಂಬತ್ತನೇ ಕಾಲಂನಲ್ಲಿ ತಾತನ ಹೆಸರು. ಮೂಲೆಯಲ್ಲಿರುವ ಎಣ್ಣೆ ಕಲೆ ಅಜ್ಜಿಯ ಕೈಯದ್ದು, ರೊಟ್ಟಿ ಬುತ್ತಿಯ ಜೊತೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಜೆರಾಕ್ಸ್ ಕಳಿಸೋಣ ಅಂದುಕೊಂಡೆ, ಆಮೇಲೆ ಮನಸ್ಸು ಬದಲಾಯಿಸಿದೆ. ನಿನ್ನ ಮೇಜಿನ ಮೇಲೆ ಇರಲಿ. ಜೋಪಾನ, ನಮ್ಮ ಹತ್ತಿರ ಇರುವುದು ಅದೊಂದೇ.

ಅಮ್ಮ